ಮಾತಿನ ನಡುವೆ ಕಿವಿಯಿಟ್ಟವರು

ಅವರು ಕುಳಿತದ್ದನ್ನು ನಾನು ಒಂದೇ ಒಂದು ಸಲ ಕಂಡಿದ್ದೇನೆ. ಹತ್ತು ಹನ್ನೆರಡು ವರ್ಷಗಳ ಒಡನಾಟದಲ್ಲಿ ಒಂದೇ ಸಲ. ಕಡೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ರಿಪೇರಿ ಅಂಗಡಿಯಿತ್ತು. ಅಂಗಡಿಯಲ್ಲಿ ಎದೆಯೆತ್ತರದ ಮರದ ಮೇಜಿತ್ತು. ಸ್ಟೂಲು ಮಾತ್ರ ಇರಲಿಲ್ಲ. ಬಂದ ಗಿರಾಕಿಗಳಿಗೂ ಅಲ್ಲಿ ಆಸನವಿಲ್ಲ. ಕೇಳಿದರೆ, "ಕೂತ್ರೆ ಊರ್ ಮಾತಿಗಿಳೀತೀರ. ನಿಂತಿದ್ರೆ ಕೆಲ್ಸದ್ ಮಾತಾಡ್ತೀರ," ಎನ್ನುತ್ತಿದ್ದರು. ಹೇಳುವಾಗಲೂ ಅವರು ನಿಂತಲ್ಲಿ ನಿಂತಿರುತ್ತಿರಲಿಲ್ಲ. ಬೆಸುಗೆಯ ಕಡ್ಡಿ ಕಾಯುವಷ್ಟರಲ್ಲಿ ಬಾಗಿಲಿಗೆ ಬಂದು, ಬೀದಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಒಳಹೋಗಿ, ಮತ್ತೆ ಬರುವರು. ತೊಡಕು ದೊಡ್ಡದಾದರೆ ಅಂಗಡಿಯನ್ನು ತೆರೆದಂತೆಯೇ ಬಿಟ್ಟು ರೈಲ್ವೆ ಗೇಟಿನವರೆಗೆ ನಡೆದುಬಿಡುವರು. ಉತ್ತರ ಅವರಿಗೆ ಆ ದಾರಿಯಲ್ಲಿ ಸಿಗುತ್ತಿತ್ತು.

ಕಳೆದ ತಿಂಗಳು ಅವರು ತೀರಿಕೊಂಡರೆಂಬ ಸುದ್ದಿ ಬಂತು. ಅಂದಿನಿಂದ ನನಗೂ ಕುಳಿತಲ್ಲಿ ಕೂರಲಾಗುತ್ತಿಲ್ಲ. ಜಪಕ್ಕೆ ಕುಳಿತರೆ ಮಣಿಯ ಎಣಿಕೆ ತಪ್ಪುತ್ತದೆ. ಪುಸ್ತಕ ಬಿಡಿಸಿದರೆ ಓದಿದ ಸಾಲನ್ನೇ ಓದುತ್ತೇನೆ. ಬರೆದರೆ ಮನಸ್ಸು ನೆಲೆಗೊಂಡೀತೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ತಮ್ಮ ಅಂಗಡಿಯ ಹಲಗೆಯ ಮೇಲೆಯೇ ಅವರು ಅದನ್ನು ಬರೆಸಿರಲಿಲ್ಲ. ಊರಿಗೆಲ್ಲ ಅವರು ರಿಪೇರಿಯಣ್ಣ.

ನಾನು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತನಾದವನು. ನಮ್ಮ ಪರಿಚಯವಾದದ್ದು ನನ್ನ ತಂದೆಯವರ ಕಾಲದ ಒಂದು ವಾಲ್ವ್ ರೇಡಿಯೋದ ದೆಸೆಯಿಂದ. ಅದನ್ನು ಹೊತ್ತೊಯ್ದು ಮೇಜಿನ ಮೇಲಿಟ್ಟು, ಸ್ವಿಚ್ಚು ಹಾಕಿ, ಸದ್ದಿಲ್ಲವೆಂದು ತೋರಿಸಿ ಆರಿಸಿದೆ.

"ಅಯ್ನೋರೆ, ಇದೇನ್ ಮೊಬೈಲಾ? ಹಳೇ ಸೆಟ್ಟು ಕಣ್ರೀ. ಒಳಗೆ ಬಿಸಿಯೇರ್ದೆ ಬಾಯ್ ಬಿಡಲ್ಲ. ಒಸಿ ತಾಳಿ," ಎಂದು ಅವರು ಮತ್ತೆ ಸ್ವಿಚ್ಚು ಹಾಕಿದರು. ನನಗೆ ತಾಳಲು ಹೇಳಿದವರು ತಾವು ತಾಳಲಾರದೆ ಓಣಿಯ ಆ ತುದಿಗೆ ಹೋಗಿ ಬಂದರು. ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಕೆಂಡದ ಬಣ್ಣದ ಬೆಳಕು ಮೂಡಿ, ರೇಡಿಯೋ ಮೆಲ್ಲಗೆ ಮಾತನಾಡತೊಡಗಿತ್ತು. ಕೆಟ್ಟೇ ಇರದ ವಸ್ತುವನ್ನು ನಾನು ರಿಪೇರಿಗೆ ತಂದಿದ್ದೆ. ಅವರು ನಗಲಿಲ್ಲ. ಬಟ್ಟೆಯಿಂದ ಅದರ ಧೂಳನ್ನು ಒರೆಸಿ ಕೊಟ್ಟರು.

ಅವರಲ್ಲಿಗೆ ಬರುತ್ತಿದ್ದುದು ಬಹುಪಾಲು ಕಾರಿನ ಆಂಪ್ಲಿಫೈಯರುಗಳು. ವೈದ್ಯರು ನಾಡಿ ಹಿಡಿಯುವ ಮೊದಲು ಕೇಳುವಂತೆ ಅವರೂ ಒಂದು ಪ್ರಶ್ನೆ ಕೇಳುತ್ತಿದ್ದರು: "ಕೆಡೋಕ್ ಮುಂಚೆ ಕೊನೇದಾಗಿ ಏನ್ ಮಾಡಿದ್ರಿ?" ಎಲ್ಲರದೂ ಒಂದೇ ಉತ್ತರ: "ಏನೂ ಮಾಡ್ಲಿಲ್ಲ ಕಣಣ್ಣ, ತಾನಾಗೇ ಹೋಯ್ತು."

"ತಾನಾಗೇ ಹೋಗೋದು ಜೀವ ಒಂದೇ ಕಣಯ್ಯ. ಮಿಕ್ಕಿದ್ದನ್ನೆಲ್ಲ ಯಾರೋ ಕಳ್ಸಿರ್ತಾರೆ. ಯಾರು ಅಂತ ಹೇಳು."

ಒಮ್ಮೆ ತೆಂಗಿನಕಾಯಿ ಮಂಡಿಯ ಯುವಕನೊಬ್ಬ ಹೊಸ ಕಾರು ತಂದು ನಿಲ್ಲಿಸಿ, "ಅಣ್ಣ, ನಾನ್ ಕಡೂರ್ ಬಿಟ್ಟೆ ಅಂದ್ರೆ ಬೀರೂರಿಗೆ ಗೊತ್ತಾಗ್ಬೇಕು. ಹಂಗ್ ಬೇಸ್ ಕೂರ್ಸು," ಎಂದ. ಇವರು ಕಾರಿನ ಬಾಗಿಲಿನ ಮೇಲೆ ಅಂಗೈಯಿಟ್ಟು, ಹಾಡು ಹಾಕಿಸಿ, ಹತ್ತೆಣಿಸುವಷ್ಟರಲ್ಲಿ ನಿಲ್ಲಿಸಿದರು.

"ಬೀರೂರೇನ್ ಬಂತು, ನಿನ್ ಡೋರು ಅಲ್ಲಾಡೋದು ತರೀಕೆರೆಗೂ ಕೇಳುತ್ತೆ. ಹಾಡು ಮಾತ್ರ ನಿಂಗೂ ಕೇಳಲ್ಲ ಕಣೋ."

ರಿಪೇರಿಯಾದ ಯಂತ್ರವನ್ನು ಅವರು ಹಾಡು ಹಾಕಿ ಪರೀಕ್ಷಿಸಿದ್ದನ್ನು ನಾನು ಕಾಣೆ. ಮೈಕನ್ನು ಯಜಮಾನನ ಕೈಗೇ ಕೊಟ್ಟು ಮಾತಾಡೆನ್ನುವರು. ಅವನು ಹಲೋ, ಒನ್, ಟೂ, ತ್ರೀ ಎಂದರೆ ಒಪ್ಪುತ್ತಿರಲಿಲ್ಲ. "ಒನ್ ಟೂ ತ್ರೀ ಎಲ್ರುದೂ ಒಂದೇ. ನಿನ್ ಮಾತಾಡು." ಆಗ ಒಬ್ಬ ತನ್ನ ಎಮ್ಮೆ ಈಯ್ದದ್ದನ್ನು ಹೇಳುವನು, ಇನ್ನೊಬ್ಬ ಭಾವಮೈದುನನನ್ನು ಬೈಯುವನು. ಬೀದಿಯೆಲ್ಲ ಕೇಳಿ ನಗುವುದು. ಇವರು ಮಾತ್ರ ಸ್ಪೀಕರಿನ ಹಿಂದೆ ತಲೆ ಬಾಗಿಸಿ ನಿಂತಿರುವರು.

ಕಾರಣ ಕೇಳಿದಾಗ ನನಗೆ ಹೇಳಿದರು: "ಹಾಡು ತಪ್ಪನ್ನ ಮುಚ್ಚಾಕ್ಬಿಡುತ್ತೆ ಅಯ್ನೋರೆ. ಮಾತು ಹಂಗಲ್ಲ. ಒಂದ್ ಮಾತಾಡಿ ಇನ್ನೊಂದಕ್ಕೆ ಉಸ್ರು ಎಳ್ಕೊತೀರಲ್ಲ, ಆ ಸಂದೀಲಿ ಗುಂಯ್ ಅಂತ ಒಂದ್ ಸದ್ದು ಬರುತ್ತೆ. ಕಾಯಿಲೆ ಇರೋದು ಅಲ್ಲಿ."

ಪದ್ಯದಲ್ಲಿ ಉಸಿರು ಎಲ್ಲಿ ನಿಲ್ಲಬೇಕೆಂದು ಜೀವಮಾನವೆಲ್ಲ ಪಾಠ ಹೇಳಿದವನು ನಾನು. ನಿಂತ ಆ ಎಡೆಯಲ್ಲಿ ಕಿವಿಗೊಡಬೇಕಾದದ್ದು ಏನೋ ಇದೆಯೆಂದು ತಿಳಿದದ್ದು ಆ ಓಣಿಯಲ್ಲಿ.

ಇನ್ನು, ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ.

ಕಾರ್ತಿಕ ಮಾಸದಲ್ಲಿ ಊರೂರಿಗೆ ಹೋಗಿ ಪುರಾಣ ಪ್ರವಚನ ಮಾಡುವುದು ನಾನು ನಿವೃತ್ತಿಯ ನಂತರ ಹಿಡಿದ ವ್ರತ. ವಯಸ್ಸಿನೊಡನೆ ಕಂಠ ಕುಗ್ಗಿತು. ಹಳ್ಳಿಗಳಲ್ಲಿ ಕರೆಂಟನ್ನು ನೆಚ್ಚುವಂತಿಲ್ಲ. ಆದುದರಿಂದ ಭಕ್ತರು ಕೊಡಿಸಿದ ಹಳೆಯ ವ್ಯಾನಿನಲ್ಲಿ ಅದರ ಬ್ಯಾಟರಿಯಿಂದಲೇ ನಡೆಯುವ ಕಾರಿನ ಆಂಪ್ಲಿಫೈಯರೊಂದನ್ನು ರಿಪೇರಿಯಣ್ಣ ಕೂರಿಸಿಕೊಟ್ಟಿದ್ದರು. ವ್ಯಾನು ಓಡಿಸುತ್ತಿದ್ದವನು ತರೀಕೆರೆಯ ಮಲ್ಲೇಶ. ಮಿತಭಾಷಿ. ನನ್ನ ಪ್ರವಚನವನ್ನು ನನಗಿಂತ ಹೆಚ್ಚು ಸಲ ಕೇಳಿದವನು, ಏಕೆಂದರೆ ನಾನು ಹೇಳುವಾಗ ಕೇಳಿಸಿಕೊಳ್ಳುವುದಿಲ್ಲ.

ನಾಲ್ಕು ವರ್ಷಗಳ ಹಿಂದೆ ಅಜ್ಜಂಪುರದ ದೇವಸ್ಥಾನದ ಅಂಗಳದಲ್ಲಿ ಪ್ರವಚನ ನಡೆದಿತ್ತು. ಮೊದಲ ದಿನವೇ, ಆರಂಭಿಸಿ ಅರ್ಧ ಗಂಟೆಯೂ ಆಗದೆ, ಧ್ವನಿ ಕರಕರ ಎಂದು ಕಡಿದು ನಿಂತುಹೋಯಿತು. ಆಂಪ್ಲಿಫೈಯರಿನ ಹಸಿರು ದೀಪ ಕೆಂಪಾಗಿತ್ತು. ಆರಿಸಿ, ತಣಿಸಿ, ಹಾಕಿದರೆ ಸ್ವಲ್ಪ ಹೊತ್ತು ನಡೆದು ಮತ್ತೆ ಕೆಂಪು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಹಿಂದಿನ ಸಾಲಿನವರು ಎದ್ದು ಹೋಗುವುದನ್ನು ಕಂಡು ನನ್ನ ಸಹನೆ ಕೆಟ್ಟಿತು. ಅದಕ್ಕೆ ಹತ್ತು ದಿನ ಮೊದಲು ಮಲ್ಲೇಶ ತನ್ನ ಅಕ್ಕನ ಮಗಳ ಮದುವೆಗೆಂದು ನನ್ನನ್ನು ಕೇಳಿಯೇ ವ್ಯಾನನ್ನು ತರೀಕೆರೆಗೆ ಒಯ್ದಿದ್ದ. ಅಲ್ಲಿ ಹಾಡು ಹಾಕಿದ್ದರೆಂದು ಯಾರೋ ಹೇಳಿದ್ದರು. ತಣಿದ ಯಂತ್ರ ಮತ್ತೆ ಬಾಯಿಬಿಟ್ಟ ಕೂಡಲೇ ಮೈಕಿನಲ್ಲಿ ಹೇಳಿದೆ: "ಶಿವನಾಮ ನುಡಿಯಬೇಕಾದ ಯಂತ್ರದಲ್ಲಿ ಕುಣಿತದ ಹಾಡು ಮೊಳಗಿಸಿದರೆ ಆಗುವುದು ಹೀಗೆಯೇ. ಮಲ್ಲೇಶ ಇಲ್ಲೇ ಇದ್ದಾನೆ, ಅವನನ್ನೇ ಕೇಳಿ." ಆ ವಾಕ್ಯ ಮುಗಿಯುವವರೆಗೆ ಯಂತ್ರ ಒಂದಿಷ್ಟೂ ಕರಕರ ಎನ್ನಲಿಲ್ಲ. ಅಂಗಳದ ತುದಿಯವರೆಗೂ ಸ್ವಚ್ಛವಾಗಿ ಕೇಳಿಸಿತು.

ಪ್ರವಚನ ಮುಗಿದ ಮೇಲೆ ಮಲ್ಲೇಶ ವ್ಯಾನಿನ ಬಳಿ ನಿಂತು, "ಹಾಡ್ ಹಾಕಿದ್ದು ನಿಜ ಅಯ್ನೋರೆ. ವಾಲ್ಯೂಮ್ ಅರ್ಧಕ್ಕಿಂತ ಮೇಲೆ ತಿರುಗಿಸ್ಲಿಲ್ಲ," ಎಂದ. ನಾನು ಅವನಿಗೆ ಬೆನ್ನು ತಿರುಗಿಸಿ ನಡೆದೆ. ಮರುದಿನ ನಾನು ಇಳಿದುಕೊಂಡಿದ್ದ ಮನೆಯ ಮೆಟ್ಟಿಲ ಮೇಲೆ ವ್ಯಾನಿನ ಬೀಗದ ಕೈ ಇತ್ತು. ಅವನು ಊರಿಗೆ ಹೋಗಿದ್ದ. ಮಧ್ಯಾಹ್ನದೊಳಗೆ ಮನೆಯ ಯಜಮಾನರು ಬಂದು, "ನಮ್ಮ ಹುಡುಗಿ ಮದ್ವೆ ಓಡಾಟಕ್ಕೆ ಅವನಿಗೇ ಹೇಳಿದ್ವಿ. ಬ್ಯಾಡ ಅಂದ್ಬಿಟ್ವಿ ಅಯ್ನೋರೆ. ನೀವೇ ಅಂದ್ಮೇಲೆ ಇನ್ನೇನು," ಎಂದರು. ಡ್ರೈವಿಂಗ್ ಬಿಟ್ಟರೆ ಬೇರೆ ಕಸುಬಿಲ್ಲದವನು ಮಲ್ಲೇಶ. ನನ್ನ ಒಂದು ವಾಕ್ಯ ಊರಿನಲ್ಲಿ ಅವನ ಕೆಲಸವನ್ನು ಕಿತ್ತುಕೊಳ್ಳತೊಡಗಿತ್ತು. ಆಗಲೂ ನನಗೆ ಅದು ನ್ಯಾಯವೆಂದೇ ತೋರಿತ್ತು.

ಸೋಮವಾರ ಸಮಾರೋಪ. ಶುಕ್ರವಾರ ಬೆಳಿಗ್ಗೆ ಆಂಪ್ಲಿಫೈಯರನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಕಡೂರಿನ ಬಸ್ಸು ಹತ್ತಿದೆ.

ರಿಪೇರಿಯಣ್ಣ ಅದನ್ನು ಬ್ಯಾಟರಿಗೆ ಜೋಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಕೆಂಪು ದೀಪ ಹತ್ತಿತು. ಸ್ಪೀಕರಿನ ತಂತಿಗಳನ್ನು ಬಿಚ್ಚಿದರು, ಕೆಂಪು ಆರಲಿಲ್ಲ. ಮೈಕಿನ ಕಡೆಯ ತಂತಿಯನ್ನೂ ಕಿತ್ತರು, ಆಗಲೂ ಆರಲಿಲ್ಲ.

"ಹೊರಗ್ನೋರು ಯಾರೂ ತಪ್ಪು ಮಾಡಿಲ್ಲ. ಏನಿದ್ರೂ ಒಳಗೇ," ಎಂದು ಮುಚ್ಚಳದ ತಿರುಪುಗಳನ್ನು ಬಿಚ್ಚಿದರು. ಒಳಗಿನ ಹಸಿರು ಹಲಗೆಯನ್ನು ಮೂಗಿಗೆ ಹಿಡಿದು ಮೂಸಿದರು. ಬಾಗಿಲಿಗೆ ಹೋಗಿ ಬಂದು ಮತ್ತೊಮ್ಮೆ ಮೂಸಿದರು.

"ಜೋರಾಗಿ ಹಾಕಿ ಸುಟ್ಟಿದ್ರೆ ಸುಟ್ಟ ವಾಸ್ನೆ ಬರ್ಬೇಕು ಅಯ್ನೋರೆ. ನೀವೇ ನೋಡಿ."

ಮೂಸಿದೆ. ಅದು ನನ್ನ ದೇವರ ಕೋಣೆಯ ವಾಸನೆ. ಹಳಸಿದ ತೆಂಗಿನಕಾಯಿ, ವಿಭೂತಿ. ಅವರು ಭೂತಗನ್ನಡಿ ಕೊಟ್ಟರು. ಮುಚ್ಚಳದಲ್ಲಿ ಗಾಳಿಯಾಡಲೆಂದು ಬಿಟ್ಟ ಸೀಳುಗಳ ನೇರ ಕೆಳಗೆ ಬೂದುಬಿಳುಪಿನ ಮೂರು ಪಟ್ಟಿಗಳು ಒಣಗಿ ಕುಳಿತಿದ್ದವು. ಅವುಗಳ ಅಂಚಿನಲ್ಲಿ ತಾಮ್ರದ ಗೆರೆಗಳು ಕಿಲುಬು ಹಿಡಿದು ಹಸಿರಾಗಿದ್ದವು.

"ಆಯುಧಪೂಜೆ ದಿವ್ಸ ಇದಕ್ಕೆ ಪೂಜೆ ಮಾಡಿದ್ಯಾರು?"

"ನಾನೇ."

ಅಂದಿನ ದೃಶ್ಯ ಕಣ್ಮುಂದೆ ಬಂತು. ಯಂತ್ರವನ್ನು ವ್ಯಾನಿನಿಂದ ತೆಗೆಸಿ ಮಣೆಯ ಮೇಲಿಟ್ಟಿದ್ದೆ. ನನ್ನ ವಾಕ್ಕನ್ನು ಹೊತ್ತು ನಡೆಯುವ ವಸ್ತು, ಒಂದು ಹೂವಿನಿಂದ ತೃಪ್ತಿಪಡಿಸುವುದೇ ಎಂದುಕೊಂಡೆ. ಒಡೆದ ಕಾಯಿಯ ನೀರಿನಲ್ಲಿ ವಿಭೂತಿ ಕಲಸಿ, ಮುಚ್ಚಳದ ಮೇಲೆ ಧಾರಾಳವಾಗಿ ಮೂರು ಪಟ್ಟೆ ಎಳೆದೆ. ಉಳಿದ ನೀರನ್ನು ಮಂತ್ರಪೂರ್ವಕ ಪ್ರೋಕ್ಷಿಸಿದೆ. ಪಕ್ಕದಲ್ಲಿ ನಿಂತಿದ್ದ ಮಲ್ಲೇಶ, "ಅಯ್ನೋರೆ, ತೂತಿದಾವೆ ಅದ್ರಲ್ಲಿ. ಮೇಲೆ ಹೂವಿಟ್ರೆ ಸಾಕಲ್ವಾ?" ಎಂದಿದ್ದ. ದೇವರ ಕಾರ್ಯದಲ್ಲಿ ಜಿಪುಣತನ ಮಾಡಬಾರದೆಂದು ನಾನು ಅವನಿಗೇ ಬುದ್ಧಿ ಹೇಳಿದ್ದೆ.

ಇದನ್ನೆಲ್ಲ ಅವರಿಗೂ ಹೇಳಿದೆ. ಅವರು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಲಗೆಯನ್ನು ತೊಳೆಯುತ್ತ, "ಭಕ್ತಿ ಮೇಲೇ ನಿಲ್ತು, ನೀರು ಕೆಳಗಿಳೀತು. ನೀರಿಗೇನ್ ಗೊತ್ತು ಬಿಡಿ," ಎಂದರು. ಬಳಿಕ ಒಂದು ಟ್ಯೂಬಿನಿಂದ ಬೆಳ್ಳಗಿನ ಅಂಟನ್ನು ಬೆರಳಿಗೆ ತೆಗೆದುಕೊಂಡು ತೋರಿಸಿದರು. "ಇದೂ ವಿಭೂತಿ ಇದ್ದಂಗೇ ಇದೆ ನೋಡಿ. ಪಾರ್ಟಿನ ಬಿಸೀನ ಹೊರಗ್ ದಾಟ್ಸುತ್ತೆ. ಆದ್ರೆ ಇಷ್ಟೇ ಇಷ್ಟು ಹಚ್ಬೇಕು. ಜಾಸ್ತಿ ಆದ್ರೆ ಇದೂ ಕೆಡ್ಸುತ್ತೆ." ನನಗೆ ನಗು ಬರಲಿಲ್ಲ. ನಾನು ನಗಲೆಂದೇ ಅವರು ಹೇಳಿದ್ದು.

ಆಮೇಲೆ ಕೇಳಿದರು. "ಮಲ್ಲೇಶ ಎಲ್ಲಿ? ಕಾಣ್ಲಿಲ್ವಲ್ಲ."

ಹೇಳಿದೆ.

"ಮೈಕಲ್ಲೇ ಅಂದ್ರಾ?"

"ಮೈಕಿನಲ್ಲಿಯೇ."

ಬ್ರಷ್ಷನ್ನು ಕೆಳಗಿಟ್ಟು ಅವರು ಹೊರಟುಹೋದರು. ಓಣಿ ದಾಟಿ ರೈಲ್ವೆ ಗೇಟಿನ ಕಡೆಗೆ. ನಾನು ಆ ಆಸನವಿಲ್ಲದ ಅಂಗಡಿಯಲ್ಲಿ, ಬಿಚ್ಚಿಟ್ಟ ಯಂತ್ರದ ಮುಂದೆ, ಕಾಲು ಬದಲಿಸುತ್ತ ನಿಂತಿದ್ದೆ. ಎಷ್ಟು ಹೊತ್ತೋ. ಹಿಂತಿರುಗಿ ಬಂದವರು ನನ್ನ ಮುಖ ನೋಡದೆ ಹೇಳಿದರು: "ಒಂದ್ ಪಾರ್ಟು ಹೋಗಿದೆ. ಅದೇ ಬೇಕು, ಬೇರೆ ಕೂರಲ್ಲ. ತರೀಕೆರೇಲಿ ಪರಿಚಯದೋರ ಹತ್ರ ಇದೇ ಥರದ ಹಳೇದೊಂದಿದೆ, ಅದ್ರಿಂದ ತೆಕ್ಕೊಬತ್ತೀನಿ. ಸೋಮವಾರ ಸಾಯಂಕಾಲ ಅಜ್ಜಂಪುರಕ್ಕೆ ನಾನೇ ಬಂದು ಕೂರಿಸ್ತೀನಿ." ಹಾಗೆಯೇ ಸೇರಿಸಿದರು: "ಟೆಸ್ಟಿಂಗ್ ಗೊತ್ತಲ್ಲ ಅಯ್ನೋರೆ? ಮಾತು ನಿಮ್ದೇ."

ಆ ಮೂರು ದಿನ ನಾನು ಪಟ್ಟ ಪಾಡನ್ನು ಪರಮೇಶ್ವರನೇ ಬಲ್ಲ. ಮೈಕಿಲ್ಲದೆ ಎದುರಿನ ಸಾಲುಗಳಿಗಷ್ಟೇ ಕೇಳುವಂತೆ ಪ್ರವಚನ ನಡೆಸಿದೆ. ಬಾಯಿ ಕಥೆ ಹೇಳುತ್ತಿತ್ತು, ಮನಸ್ಸು ವ್ಯವಹಾರ ಕುದುರಿಸುತ್ತಿತ್ತು. ಮಲ್ಲೇಶನನ್ನು ಕರೆಸಿ ಶಾಲು ಹೊದಿಸಿದರೆ ಸಾಲದೇ? ಪೂಜೆಯಿಂದ ಯಂತ್ರ ಕೆಟ್ಟಿತೆಂದರೆ ಜನರ ಶ್ರದ್ಧೆಗೆ ಭಂಗ ಬಾರದೇ? ಎಲ್ಲವೂ ಧರ್ಮದ ವೇಷ ತೊಟ್ಟೇ ಬಂದ ಯೋಚನೆಗಳು. ಸಂಧ್ಯಾವಂದನೆಗೆ ಕೈಯಲ್ಲಿ ಹಿಡಿದ ನೀರು ಬೆರಳ ಸಂದಿಯಲ್ಲಿ ಸೋರಿದರೂ ನನಗೆ ಆ ಮುಚ್ಚಳದ ಸೀಳುಗಳೇ ಕಾಣುತ್ತಿದ್ದವು.

ಸೋಮವಾರ ಸಂಜೆ ತರೀಕೆರೆಯ ಬಸ್ಸಿನಿಂದ ಇಬ್ಬರು ಇಳಿದು ಅಂಗಳಕ್ಕೆ ಬಂದರು. ಚೀಲ ಹಿಡಿದ ರಿಪೇರಿಯಣ್ಣ, ಅವರ ಹಿಂದೆ ಮಲ್ಲೇಶ. ಪಾರ್ಟು ಹುಡುಕಿಕೊಂಡು ಹೋದವರು ಅವನ ಮನೆಯನ್ನೂ ಹುಡುಕಿಕೊಂಡು ಹೋಗಿದ್ದರು. ಜನ ಸೇರುತ್ತಿದ್ದರು. ಮಲ್ಲೇಶನನ್ನು ಕಂಡು ಕೆಲವರು ಪಿಸುಗುಟ್ಟಿದರು. ಅವನು ವ್ಯಾನಿನ ಮರೆಗೆ ಸರಿದು ನಿಂತ. ರಿಪೇರಿಯಣ್ಣ ಆಂಪ್ಲಿಫೈಯರನ್ನು ಸೀಟಿನ ಕೆಳಗೆ ಬಿಗಿದು, ತಂತಿಗಳನ್ನು ಜೋಡಿಸಿ, ಸ್ಪೀಕರಿಗೂ ವ್ಯಾನಿಗೂ ಐದಾರು ಸಲ ಓಡಾಡಿ, ನನಗೆ ಕೈಸನ್ನೆ ಮಾಡಿದರು.

ನಾನು ಕಣ್ಣುಮುಚ್ಚಿ ಗಣಪತಿಯ ಸ್ತುತಿಯನ್ನು ಆರಂಭಿಸಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಸ್ಪೀಕರಿನ ಹಿಂದಿನಿಂದ ಅವರ ಕೂಗು ಬಂತು:

"ಅಯ್ನೋರೆ, ಅದು ಬಾಯಿಪಾಠ. ಅದ್ರಲ್ಲಿ ನೀವು ನಿಲ್ಲೋದೇ ಇಲ್ಲ. ಮಾತಾಡಿ!"

ಜನ ನಕ್ಕರು. ನಾನು ಕಣ್ಣು ತೆರೆದೆ.

"ಈ ಯಂತ್ರ ಕೆಟ್ಟದ್ದು ಹಾಡಿನಿಂದಲ್ಲ," ಎಂದೆ. ನಿಲ್ಲಿಸಿದೆ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಇರಲಿಲ್ಲ. "ಆಯುಧಪೂಜೆಯ ದಿನ ನಾನೇ ಇದಕ್ಕೆ ವಿಭೂತಿ ಮೆತ್ತಿ ಕಾಯಿನೀರು ಎರಚಿದೆ. ಅದು ಒಳಗಿಳಿದು ಕೆಟ್ಟಿತು. ಮಲ್ಲೇಶ ಬೇಡವೆಂದಿದ್ದ. ನಾನು ಕೇಳಲಿಲ್ಲ." ಮತ್ತೆ ನಿಲ್ಲಿಸಿದೆ. "ನನ್ನ ತಪ್ಪನ್ನು ಇದೇ ಜಾಗದಲ್ಲಿ, ಇದೇ ಮೈಕಿನಲ್ಲಿ ಅವನ ತಲೆಗೆ ಕಟ್ಟಿದೆ. ಅವನು ನಿರ್ದೋಷಿ."

ಆಗ ನೋಡಿದೆ. ರಿಪೇರಿಯಣ್ಣ ನೆಲದ ಮೇಲೆ ಕುಳಿತಿದ್ದರು. ವ್ಯಾನಿನ ಚಕ್ರಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಕಣ್ಣು ಮುಚ್ಚಿಕೊಂಡು. ಅವರ ಪಾದಗಳೂ ಅಲುಗುತ್ತಿರಲಿಲ್ಲ.

ಮುಂದಿನ ಸಾಲಿನ ಮುದುಕಿಯೊಬ್ಬರು ಕೂತಲ್ಲಿಂದಲೇ ಹೇಳಿದರು. "ಹೋಗ್ಲಿ ಬಿಡಿ ಅಯ್ನೋರೆ. ದಿನಾ ಕಿರುಚಿ ಕಿರುಚಿ ಅದಕ್ಕೂ ಬಾಯಾರಿತ್ತೇನೋ, ಕುಡಿಸಿದ್ರಿ." ಅಂಗಳವೆಲ್ಲ ನಗೆ. ಹೆಣ್ಣಿನ ಮದುವೆಯ ಓಡಾಟಕ್ಕೆ ಬೇಡವೆಂದಿದ್ದ ಯಜಮಾನರು ಎದ್ದುಹೋಗಿ ಮಲ್ಲೇಶನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಅವನು ತಲೆಯಾಡಿಸಿದ. ನಂತರ ನನ್ನ ಬಳಿ ಬಂದು ಕೈ ಚಾಚಿದ.

"ಬೀಗದ್ ಕೈ ಕೊಡಿ. ಇಂಜಿನ್ ಸ್ಟಾರ್ಟ್ ಮಾಡಿರ್ತೀನಿ. ಇಲ್ದಿದ್ರೆ ಬ್ಯಾಟ್ರಿ ಇಳಿದೋಯ್ತದೆ."

ಅಂದಿನ ಪ್ರವಚನ ನಿರ್ವಿಘ್ನವಾಗಿ ನಡೆಯಿತು. ಹಸಿರು ದೀಪ ಹಸಿರಾಗಿಯೇ ಉಳಿಯಿತು. ಇಲ್ಲಿಗೆ ಮುಗಿಸಿದ್ದರೆ ನನ್ನ ಪಾಲಿಗೆ ಈ ಬರಹ ಸುಖವಾಗಿರುತ್ತಿತ್ತು. ಆದರೆ ಹೊರಡುವಾಗ ರಿಪೇರಿಯಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಕಾಲು ನಿಲ್ಲದೆ ಅತ್ತಿತ್ತ ತೂಗುತ್ತ, ಒಂದು ಮಾತು ಕೇಳಿದರು.

"ಮೈಕಲ್ಲಿ ಹೇಳಿದ್ರಿ. ಸರಿ ಆಯ್ತು. ಮೈಕು ಜನದ್ ಕಡೆ ಇತ್ತು ಅಯ್ನೋರೆ, ಅವ್ನು ನಿಮ್ ಹಿಂದಿದ್ದ. ಅವನ್ ಮುಖ ನೋಡಿ ಹೇಳಿದ್ರಾ?"

ನಾನು ಇಂದೇ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮರುದಿನ ಹೇಳೋಣವೆಂದುಕೊಂಡೆ. ಸಭೆಯೆದುರು ಒಪ್ಪಿಕೊಂಡಾಗ ಜನ ನನ್ನನ್ನು ಇನ್ನೂ ಹೆಚ್ಚು ಗೌರವಿಸಿದ್ದರು. ಅದರಲ್ಲಿ ನನಗೊಂದು ಲಾಭವಿತ್ತು. ಒಬ್ಬನ ಎದುರು, ವ್ಯಾನಿನೊಳಗೆ, ಯಾರೂ ಕೇಳದಿರುವಾಗ ಹೇಳುವುದರಲ್ಲಿ ಅಂಥದ್ದೇನೂ ಇರಲಿಲ್ಲ. ನಾಲ್ಕು ಕಾರ್ತಿಕಗಳು ಕಳೆದವು. ಮಲ್ಲೇಶ ಎಂದಿನಂತೆ ವ್ಯಾನು ಓಡಿಸಿದ. ಆಯುಧಪೂಜೆಯ ದಿನ ಆಂಪ್ಲಿಫೈಯರಿನ ಮೇಲೆ ಒಂದೇ ಒಂದು ಸೇವಂತಿಗೆ ಇಡುತ್ತಿದ್ದೆ. ಕಡೂರಿಗೆ ಹೋದಾಗಲೆಲ್ಲ ರಿಪೇರಿಯಣ್ಣ, "ಸೆಟ್ ಹೆಂಗಿದೆ?" ಎಂದು ಕೇಳುವರು. ಯಾವ ಸೆಟ್ಟನ್ನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಚೆನ್ನಾಗಿದೆ ಎಂದು ಬೇಗ ಬೇಗ ಬಂದುಬಿಡುತ್ತಿದ್ದೆ.

ಸುದ್ದಿ ಬಂದ ಮೇಲೆ ಹೋದ ವಾರ ಕಡೂರಿಗೆ ಹೋದೆವು. ಅವರ ಮನೆಯವರನ್ನು ಕಂಡು, ಹಿಂತಿರುಗುವಾಗ ಆ ಓಣಿಯಲ್ಲಿ ವ್ಯಾನು ನಿಲ್ಲಿಸಲು ಹೇಳಿದೆ. ಅಂಗಡಿಯ ಬಾಗಿಲು ಎಳೆದಿತ್ತು. ಮುಂದಿನ ಕಲ್ಲಿನ ಮೆಟ್ಟಿಲಿನ ಒಂದು ಅಂಚು ಅವರು ಹತ್ತಿ ಇಳಿದು ಸವೆದು ಬೋಳಾಗಿತ್ತು. ನಾನು ಅಲ್ಲಿ ಕೈಮುಗಿದು ನಿಂತೆ. ಮಲ್ಲೇಶ ನನ್ನ ಹಿಂದೆ ನಿಂತಿದ್ದ.

ನಾನು ಅವನ ಕಡೆಗೆ ತಿರುಗಿದೆ.

"ಮಲ್ಲೇಶ, ಅವತ್ತು ನಿನ್ನ ಮೇಲೆ ಸುಳ್ಳು ಹೊರಿಸಿದೆ. ನನ್ನನ್ನು ಕ್ಷಮಿಸಪ್ಪ."

ಎಳೆದ ಬಾಗಿಲನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು, ತುಟಿಯಂಚಿನಲ್ಲಿ ಮಾತ್ರ ಏನೋ ಅಲುಗುತ್ತಿತ್ತು.

"ಅವ್ರು ಅವತ್ತೇ ಹೇಳಿದ್ರು ಅಯ್ನೋರೆ, ತರೀಕೆರೆ ಬಸ್ಸಲ್ಲಿ. 'ಮೈಕಲ್ಲಿ ಇವತ್ತೇ ಹೇಳ್ತಾರೆ. ನಿನ್ ಹತ್ರ ಹೇಳೋಕೆ ತಡ ಆಯ್ತದೆ ಕಣೋ, ಬೇಜಾರ್ ಮಾಡ್ಕೋಬ್ಯಾಡ. ಹಳೇ ಸೆಟ್ಟು. ಒಳಗೆ ಬಿಸಿಯೇರ್ಬೇಕು,' ಅಂತ."

ನಾನು ಆ ಸವೆದ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.